ಮೂತ್ರಪಿಂಡ ಕಸಿ: ಯಾರ ಪಾಲಿಗೆ, ಯಾರ ಪಾಲಿಗಿಲ್ಲ?

ಎರಡೂ ಮೂತ್ರಪಿಂಡಗಳು ಪೂರ್ತಿ ಕೈಕೊಟ್ಟ ರೋಗಿಗೆ ಉಳಿಯುವ ದಾರಿಗಳು ಮುಖ್ಯವಾಗಿ ಎರಡು: ಯಂತ್ರದ ಮೂಲಕ ರಕ್ತವನ್ನು ಶುದ್ಧಗೊಳಿಸುವ ಡಯಾಲಿಸಿಸ್ ಮತ್ತು ಇನ್ನೊಬ್ಬರ ಮೂತ್ರಪಿಂಡವನ್ನು ದೇಹದಲ್ಲಿ ಕೂರಿಸುವ ಕಸಿ. ಕಾಯಿಲೆ ಬಡವ ಬಲ್ಲಿದ, ಗಂಡು ಹೆಣ್ಣು ಎಂದು ನೋಡದೆ ಬರುತ್ತದೆಯಾದರೂ, ಕಸಿಯ ಭಾಗ್ಯ ಯಾರಿಗೆ ಒದಗುತ್ತದೆ ಎಂಬುದು ಆಯಾ ಕಾಲದ ವೈದ್ಯಕೀಯ ಜ್ಞಾನ, ಆಯಾ ದೇಶದ ಕಾನೂನು, ಕುಟುಂಬದ ರೂಢಿ, ಕೈಯಲ್ಲಿರುವ ಹಣ ಮತ್ತು ಆಸ್ಪತ್ರೆಗಿರುವ ದೂರವನ್ನು ಅವಲಂಬಿಸಿದೆ.

ಮೊದಲ ಯಶಸ್ವಿ ಕಸಿ ನಡೆದದ್ದು 1954ರ ಡಿಸೆಂಬರ್ 23ರಂದು, ಅಮೆರಿಕದ ಬಾಸ್ಟನ್ ನಗರದಲ್ಲಿ. ಡಾ. ಜೋಸೆಫ್ ಮುರ್ರೆ ಅವರ ತಂಡ ಒಬ್ಬ ಅವಳಿ ಸಹೋದರನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಜೋಡಿಸಿತು. ಹೊರಗಿನ ಅಂಗವನ್ನು ಶತ್ರುವೆಂದು ತಿಳಿದು ದಾಳಿ ಮಾಡುವುದು ದೇಹದ ರೋಗನಿರೋಧಕ ವ್ಯವಸ್ಥೆಯ ಸ್ವಭಾವ. ತದ್ರೂಪಿ ಅವಳಿಗಳಲ್ಲಿ ಈ ತಿರಸ್ಕಾರ ಉಂಟಾಗದ ಕಾರಣ ಆ ಕಸಿ ಫಲಿಸಿತು. 1960ರ ದಶಕದಲ್ಲಿ ಅಜಾಥಯೋಪ್ರಿನ್, 1980ರ ದಶಕದಲ್ಲಿ ಸೈಕ್ಲೋಸ್ಪೋರಿನ್, ಅದರ ಬೆನ್ನಿಗೆ ಟ್ಯಾಕ್ರೊಲಿಮಸ್ ಎಂಬ ಔಷಧಗಳು ಬಂದು ತಿರಸ್ಕಾರವನ್ನು ಹತೋಟಿಗೆ ತಂದ ಮೇಲೆ ತಂದೆ ತಾಯಿ, ಸಂಗಾತಿ, ಕೊನೆಗೆ ಅಪರಿಚಿತ ಮೃತ ದಾನಿಯ ಮೂತ್ರಪಿಂಡವನ್ನೂ ಪಡೆಯುವುದು ಸಾಧ್ಯವಾಯಿತು. ಭಾರತದಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆ 1971ರಲ್ಲಿ ಈ ಶಸ್ತ್ರಚಿಕಿತ್ಸೆಗೆ ಭದ್ರ ಬುನಾದಿ ಹಾಕಿತು. ಒಂದು ಕಾಲದಲ್ಲಿ ವಯಸ್ಸಾದವರನ್ನೂ ಸಕ್ಕರೆ ಕಾಯಿಲೆಯವರನ್ನೂ ಕಸಿಗೆ ತಕ್ಕವರಲ್ಲವೆಂದು ಹಿಂದಕ್ಕೆ ಕಳುಹಿಸುತ್ತಿದ್ದ ವೈದ್ಯಲೋಕ ಈಗ ಅವರನ್ನೂ ಪರಿಗಣಿಸುತ್ತದೆ. ಯುರೋಪಿನ ಯುರೋಟ್ರಾನ್ಸ್‌ಪ್ಲಾಂಟ್ ಸಂಸ್ಥೆ 65 ವರ್ಷ ದಾಟಿದ ದಾನಿಗಳ ಮೂತ್ರಪಿಂಡವನ್ನು ಅದೇ ವಯೋಮಾನದ ರೋಗಿಗಳಿಗೆ ಕೊಡುವ ಪ್ರತ್ಯೇಕ ವ್ಯವಸ್ಥೆಯನ್ನು 1999ರಲ್ಲೇ ಆರಂಭಿಸಿತು.

ದೇಶದಿಂದ ದೇಶಕ್ಕೆ ಬದಲಾಗುವುದು ಮುಖ್ಯವಾಗಿ ಅಂಗದ ಮೂಲ. 1989ರಲ್ಲಿ ರಾಷ್ಟ್ರೀಯ ಸಂಸ್ಥೆಯೊಂದನ್ನು ಕಟ್ಟಿ, ಆಸ್ಪತ್ರೆಗಳಲ್ಲಿ ಅಂಗದಾನಕ್ಕೆಂದೇ ತರಬೇತಾದ ವೈದ್ಯರನ್ನು ನೇಮಿಸಿದ ಸ್ಪೇನ್‌ನಲ್ಲಿ ಹತ್ತು ಕಸಿಗಳಲ್ಲಿ ಸುಮಾರು ಒಂಬತ್ತು ಮೃತ ದಾನಿಗಳಿಂದ ನಡೆಯುತ್ತವೆ. ಆದ್ದರಿಂದ ಮನೆಯಲ್ಲಿ ದಾನಿಯಿಲ್ಲದವನಿಗೂ ಅಲ್ಲಿ ಆಸೆಯಿದೆ. ಜಪಾನ್ ಮತ್ತು ಭಾರತದಲ್ಲಿ ಬಹುಪಾಲು ದಾನಿಗಳು ಜೀವಂತ ಬಂಧುಗಳಾದ್ದರಿಂದ ಮನೆಯವರು ಮುಂದೆ ಬಂದರಷ್ಟೇ ರೋಗಿಗೆ ದಾರಿ. ಭಾರತದಲ್ಲಿ 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಅಂಗಗಳ ಮಾರಾಟವನ್ನು ಅಪರಾಧವೆಂದು ಸಾರಿತು, ಮಿದುಳು ಕಾಂಡದ ನಿಷ್ಕ್ರಿಯತೆಯನ್ನು ಮರಣವೆಂದು ಒಪ್ಪಿತು. 2011ರ ತಿದ್ದುಪಡಿ ಹತ್ತಿರದ ಬಂಧುಗಳ ಪಟ್ಟಿಗೆ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿತು. 2023ರಲ್ಲಿ ದೇಶದಲ್ಲಿ 13,000ಕ್ಕೂ ಹೆಚ್ಚು ಮೂತ್ರಪಿಂಡ ಕಸಿಗಳು ನಡೆದರೂ ಎಲ್ಲ ಅಂಗಗಳಿಗೂ ಸೇರಿ ಮೃತ ದಾನಿಗಳ ಸಂಖ್ಯೆ ಸುಮಾರು 1,100 ಮಾತ್ರ.

ಬಂಧುಗಳ ದಾನವನ್ನೇ ನೆಚ್ಚಿದ ಈ ವ್ಯವಸ್ಥೆಯಲ್ಲಿ ಕೊಡುವವರು ಹೆಚ್ಚಾಗಿ ತಾಯಂದಿರು, ಹೆಂಡಂದಿರು. ಪಡೆಯುವವರು ಹೆಚ್ಚಾಗಿ ಗಂಡಸರು. ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆಯ ಲೆಕ್ಕದಂತೆ 1995ರಿಂದ 2021ರವರೆಗೆ ಭಾರತದಲ್ಲಿ ಅಂಗಾಂಗ ಕಸಿ ಪಡೆದ 36,640 ಜನರಲ್ಲಿ ಮಹಿಳೆಯರು 6,945 ಮಾತ್ರ. ಗರ್ಭಧಾರಣೆಯ ನಂತರ ಕೆಲವು ಹೆಂಗಸರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಿಂದ ಹೊಂದಾಣಿಕೆ ಕಷ್ಟವಾಗುವುದು ನಿಜವಾದರೂ ಇಷ್ಟು ದೊಡ್ಡ ಅಂತರಕ್ಕೆ ಅದು ಉತ್ತರವಾಗಲಾರದು. ದುಡಿದು ತರುವವನ ಪ್ರಾಣಕ್ಕೆ ಸಾಲ ಮಾಡುವ ಮನೆ, ಹೆಣ್ಣಿನ ಪ್ರಾಣಕ್ಕೆ ಅದೇ ಸಾಲ ಮಾಡಲು ಹಿಂಜರಿಯುತ್ತದೆ.

ಕರ್ನಾಟಕದ ಗಡಿ ಜಿಲ್ಲೆಯಾದ ಯಾದಗಿರಿಯಲ್ಲಿ ಈ ತಾರತಮ್ಯದ ಜೊತೆಗೆ ದೂರವೂ ಸೇರಿಕೊಳ್ಳುತ್ತದೆ. ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್ ಘಟಕಗಳು ತಾಲ್ಲೂಕು ಮಟ್ಟಕ್ಕೆ ಬಂದಿರುವುದರಿಂದ ಶಹಾಪುರ, ಸುರಪುರಗಳ ರೋಗಿ ವಾರಕ್ಕೆ ಎರಡು ಮೂರು ಬಾರಿ, ಪ್ರತಿ ಸಲ ಸುಮಾರು ನಾಲ್ಕು ತಾಸು, ಮುಂಗೈಯಲ್ಲಿ ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾಕ್ಕೆ ಎರಡು ದಪ್ಪ ಸೂಜಿ ಚುಚ್ಚಿಸಿಕೊಂಡು ಮಲಗಿ ದಿನ ದೂಡಬಲ್ಲ. ಆದರೆ ಮೃತ ದಾನಿಯ ಅಂಗಕ್ಕಾಗಿ ಹೆಸರು ನೋಂದಾಯಿಸಬೇಕಾದರೆ ಪರವಾನಗಿ ಪಡೆದ ಕಸಿ ಆಸ್ಪತ್ರೆಯ ಮೂಲಕವೇ ಹೋಗಬೇಕು. ಅಂಥ ಆಸ್ಪತ್ರೆ ಜಿಲ್ಲೆಯಲ್ಲಿಲ್ಲ. ರಾಜ್ಯದ ಕಾಯುವ ಪಟ್ಟಿಯನ್ನು ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಯೂ, ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆಯೂ ಇರುವುದು ಬೆಂಗಳೂರಿನಲ್ಲಿ. ತೆಗೆದ ಮೂತ್ರಪಿಂಡವನ್ನು ಶೈತ್ಯದಲ್ಲಿ ಸುಮಾರು ಒಂದು ದಿನವಷ್ಟೇ ಸುರಕ್ಷಿತವಾಗಿ ಇಡಬಹುದಾದ್ದರಿಂದ ನಡುರಾತ್ರಿ ಕರೆ ಬಂದರೆ ರೋಗಿ ಆಗಲೇ ಹೊರಡಬೇಕು. ರೈಲು ನಿಲ್ದಾಣವೇ ಇಲ್ಲದ ಸುರಪುರದಿಂದ ಅದು ಸುಲಭದ ಮಾತಲ್ಲ. ಬೆಂಗಳೂರಿಗಿಂತ ಹೈದರಾಬಾದ್ ಎಷ್ಟೋ ಹತ್ತಿರವಿದ್ದರೂ ಬೇರೆ ರಾಜ್ಯದವರೆಂಬ ನಿಯಮ ಅಡ್ಡ ಬರುತ್ತಿತ್ತು. 2023ರಲ್ಲಿ ಕೇಂದ್ರ ಸರ್ಕಾರ ವಾಸಸ್ಥಳದ ಷರತ್ತನ್ನೂ, ನೋಂದಣಿಗಿದ್ದ 65 ವರ್ಷದ ಮಿತಿಯನ್ನೂ ಕೈಬಿಡುವಂತೆ ತಿಳಿಸಿದ್ದು ಗಡಿ ಜಿಲ್ಲೆಗಳಿಗೆ ಮಹತ್ವದ ಹೆಜ್ಜೆ.

ಶಸ್ತ್ರಚಿಕಿತ್ಸೆಯೊಂದಿಗೆ ಕಥೆ ಮುಗಿಯುವುದಿಲ್ಲ. ಬೆಳಗಿನ ಗುಳಿಗೆ ನುಂಗುವ ಮೊದಲು ರಕ್ತ ಕೊಟ್ಟು ಟ್ಯಾಕ್ರೊಲಿಮಸ್ ಪ್ರಮಾಣ ಅಳೆಸಿಕೊಳ್ಳುವುದು, ಕಸಿಯಾದ ಅಂಗ ಕೆಲಸ ಮಾಡುವಷ್ಟು ಕಾಲವೂ ಗುಳಿಗೆ ತಪ್ಪಿಸದಿರುವುದು ಅನಿವಾರ್ಯ. ಬಿಪಿಎಲ್ ಕುಟುಂಬಗಳ ಕಸಿಗೆ ರಾಜ್ಯ ಸರ್ಕಾರದ ನೆರವಿದೆಯಾದರೂ ಈ ಪರೀಕ್ಷೆ ಮತ್ತು ಔಷಧ ಜಿಲ್ಲಾ ಕೇಂದ್ರದಲ್ಲೇ ಸಿಗುವಂತಾದರೆ ಮಾತ್ರ ಬಡವನ ಕಸಿ ಬಾಳುತ್ತದೆ.

ಆದ್ದರಿಂದ ಪ್ರತಿ ಡಯಾಲಿಸಿಸ್ ಘಟಕವೂ ತನ್ನ ರೋಗಿಗಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಕಸಿ ತಪಾಸಣೆಗೆ ಕಳುಹಿಸುವ ಹೊಣೆ ಹೊರಬೇಕು. ರೋಗಿಯ ಮನೆಯವರು ತಮ್ಮವರ ಹೆಸರು ಕಾಯುವ ಪಟ್ಟಿಯಲ್ಲಿದೆಯೇ ಎಂದು ವೈದ್ಯರನ್ನು ಕೇಳಬೇಕು. ಉಳಿದವರು ಅಂಗದಾನದ ತಮ್ಮ ಇಚ್ಛೆಯನ್ನು ಬದುಕಿರುವಾಗಲೇ ಮನೆಮಂದಿಗೆ ತಿಳಿಸಬೇಕು, ಏಕೆಂದರೆ ಕೊನೆಯ ಗಳಿಗೆಯಲ್ಲಿ ಒಪ್ಪಿಗೆ ಕೊಡಬೇಕಾದವರು ಅವರೇ.