ವಾಯುಗುಣದ ಏರಿಳಿತವೂ ವಾಯುಗುಣದ ಪರಿವರ್ತನೆಯೂ: ಧಾತು-ಈಶ್ವರ ಕ್ಷಾಮದ ನಿದರ್ಶನ

ನಮ್ಮ ನಾಡಿನ ಕ್ಷಾಮಗಳನ್ನು ಕುರಿತು ಬರೆಯುವವರು ‘ಮಳೆ ತಪ್ಪಿತು, ಬರ ಬಂದಿತು’ ಎಂಬ ಒಂದೇ ವಾಕ್ಯದಲ್ಲಿ ಪ್ರಕೃತಿಯ ಪಾತ್ರವನ್ನು ಮುಗಿಸಿಬಿಡುವುದುಂಟು. ಈಚೆಗೆ ಇದಕ್ಕೆ ಪ್ರತಿಯಾಗಿ, ಗತಕಾಲದ ಸಕಲ ವಿಪತ್ತುಗಳಿಗೂ ವಾಯುಗುಣವೇ ಹೊಣೆಯೆನ್ನುವ ಪ್ರವೃತ್ತಿಯೂ ತಲೆದೋರಿದೆ. ಈ ಎರಡು ಅತಿಗಳಿಂದಲೂ ಪಾರಾಗಬೇಕಾದರೆ ವಾಯುಗುಣವೆಂದರೇನು, ಅದು ಯಾವ ಕಾರಣಗಳಿಂದ ಬದಲಾಗುತ್ತದೆ ಎಂಬ ಮೂಲಭಾವನೆಗಳು ಇತಿಹಾಸದ ವಿದ್ಯಾರ್ಥಿಗೆ ಸ್ಪಷ್ಟವಾಗಿರಬೇಕು. 1876-78ರ ಕ್ಷಾಮವನ್ನು ನಿದರ್ಶನವಾಗಿರಿಸಿಕೊಂಡು ಅವನ್ನು ಇಲ್ಲಿ ವಿವರಿಸಲೆತ್ನಿಸುತ್ತೇವೆ.

ಹವೆ ಬೇರೆ, ವಾಯುಗುಣ ಬೇರೆ. ಇಂದಿನ ಬಿಸಿಲು, ನಾಳೆಯ ಮಳೆ ಹವೆಗೆ ಸೇರಿದವು. ಅನೇಕ ವರ್ಷಗಳ ಹವೆಯ ಒಟ್ಟು ಸ್ವರೂಪವೇ ವಾಯುಗುಣ. ಇದಕ್ಕಾಗಿ ಸಾಮಾನ್ಯವಾಗಿ 30 ವರ್ಷಗಳ ಅವಧಿಯನ್ನು ಲೆಕ್ಕಕ್ಕೆ ಹಿಡಿಯುವರು. ಸರಾಸರಿಯಷ್ಟೇ ವಾಯುಗುಣವಲ್ಲ, ಆ ಸರಾಸರಿಯಿಂದ ಮಳೆಯೂ ಉಷ್ಣತೆಯೂ ಎಷ್ಟರಮಟ್ಟಿಗೆ ಸರಿದಾಡುತ್ತವೆಯೆಂಬುದೂ ಅದರ ಅಂಗವೇ. ಆದುದರಿಂದ ಒಂದೆರಡು ವರ್ಷ ಮಳೆ ತಪ್ಪಿದ ಮಾತ್ರಕ್ಕೆ ವಾಯುಗುಣ ಬದಲಾಯಿತೆಂದು ಹೇಳಲಾಗದು.

ವಾಯುಗುಣವನ್ನು ಅಲುಗಿಸುವ ಕಾರಣಗಳು ಹಲವು. ಅವುಗಳ ಕಾಲಮಾನವೂ ಭಿನ್ನ. ಭೂಮಿಯ ಕಕ್ಷೆಯ ಆಕಾರ, ಅಕ್ಷದ ಓರೆ ಮತ್ತು ಅದರ ತೂಗಾಟಗಳು ಹತ್ತಾರು ಸಾವಿರ ವರ್ಷಗಳಲ್ಲಿ ಬದಲಾಗುತ್ತ ಹಿಮಯುಗಗಳ ಬರವುಹೋಗುಗಳನ್ನು ನಿಯಂತ್ರಿಸುತ್ತವೆ. ಅಗ್ನಿಪರ್ವತದ ಪ್ರಭಾವ ಒಂದೆರಡು ವರ್ಷದ್ದು: 1815ರ ಏಪ್ರಿಲಿನಲ್ಲಿ ಸುಂಬಾವಾ ದ್ವೀಪದ ತಂಬೋರಾ ಸಿಡಿದಾಗ ಮೇಲೇರಿದ ಗಂಧಕದ ಕಣಗಳು ಬಿಸಿಲನ್ನು ತಡೆದುದರಿಂದ 1816ರಲ್ಲಿ ಯೂರೋಪಿಗೆ ಬೇಸಿಗೆಯೇ ಇಲ್ಲದಂತಾಯಿತು. ಮೂರನೆಯದು ಸಮುದ್ರ ಮತ್ತು ವಾಯುಮಂಡಲಗಳ ಪರಸ್ಪರ ತೂಗಾಟ. ನಮ್ಮ ನಿದರ್ಶನಕ್ಕೆ ಇದೇ ಮುಖ್ಯವಾದುದು.

ಸಾಮಾನ್ಯ ವರ್ಷಗಳಲ್ಲಿ ಪೂರ್ವದಿಂದ ಬೀಸುವ ವಾಣಿಜ್ಯ ಮಾರುತಗಳು ಶಾಂತಸಾಗರದ ಬೆಚ್ಚನೆಯ ನೀರನ್ನು ಇಂಡೋನೇಷ್ಯದ ಕಡೆಗೆ ನೂಕುತ್ತವೆ. ಅಲ್ಲಿ ಗಾಳಿ ಕಾದು ಮೇಲೇರಿ ಮಳೆಗರೆಯುತ್ತದೆ. ಈ ಮಾರುತಗಳು ದುರ್ಬಲವಾದಾಗ ಬಿಸಿನೀರು ಪೂರ್ವಕ್ಕೆ ಮರಳುತ್ತದೆ. ಗಾಳಿ ಮೇಲೇರುವ ತಾಣವೂ ಅದರೊಡನೆ ಸರಿಯುತ್ತದೆ. ಆಗ ಭಾರತದ ಸುತ್ತ ಗಾಳಿ ಕೆಳಗಿಳಿದು, ಒತ್ತಡ ಹೆಚ್ಚಿ, ಮುಂಗಾರು ಕುಗ್ಗುವ ಸಂಭವವುಂಟು. ಇದಕ್ಕೆ ಎಲ್ ನಿನೋ ಎಂದು ಹೆಸರು. 1877-78ರಲ್ಲಿ ತಲೆದೋರಿದ ಎಲ್ ನಿನೋ ಅತ್ಯಂತ ಪ್ರಬಲವಾದವುಗಳಲ್ಲೊಂದು. ಆ ವರ್ಷಗಳಲ್ಲಿ ಉತ್ತರ ಚೀನವೂ ಬ್ರೆಜಿಲಿನ ಈಶಾನ್ಯ ಭಾಗವೂ ಬೆಂದುಹೋದವು. ಆದರೆ ಒಂದು ಅಂಶವನ್ನು ಗಮನಿಸಬೇಕು. ದಕ್ಷಿಣ ಭಾರತದಲ್ಲಿ ಮಳೆ ತಪ್ಪಿದುದು 1876ರಲ್ಲಿಯೇ, ಎಂದರೆ ಎಲ್ ನಿನೋ ಬಲಿಯುವ ಮೊದಲೇ. ಧಾತು ಸಂವತ್ಸರದಲ್ಲಿ ಆರಂಭವಾದ ಕೊರತೆಯನ್ನು ಈಶ್ವರ ಸಂವತ್ಸರದ ಎಲ್ ನಿನೋ ಉಲ್ಬಣಗೊಳಿಸಿತೆನ್ನುವುದೇ ಸರಿ. ಈ ತೂಗಾಟದ ಜಾಡನ್ನು ಹಿಡಿದವರಲ್ಲಿ ಪ್ರಮುಖರು, 1904ರಲ್ಲಿ ಭಾರತದ ವೀಕ್ಷಣಾಲಯಗಳ ಮುಖ್ಯಾಧಿಕಾರಿಯಾದ ಗಿಲ್ಬರ್ಟ್ ವಾಕರ್. ಮುಂಗಾರನ್ನು ಮುಂಗಾಣುವ ಯತ್ನದಲ್ಲಿ ಅವರು ದೂರದೂರದ ಸಾಗರಗಳ ಒತ್ತಡದ ಲೆಕ್ಕಗಳನ್ನು ಹೋಲಿಸಿದರು. ಅವರು ಕಂಡ ಒತ್ತಡದ ತೂಗಾಟಕ್ಕೂ ಎಲ್ ನಿನೋವಿಗೂ ಇರುವ ನಂಟನ್ನು 1960ರ ದಶಕದಲ್ಲಿ ಬಿಯರ್ಕ್ನೆಸ್ ವಿಶದಪಡಿಸಿದರು.

ಇಷ್ಟು ಬರದ ಕಥೆ. ಕ್ಷಾಮದ ಕಥೆ ಬೇರೆ. ಆಡುಮಾತಿನಲ್ಲಿ ಈ ಎರಡು ಪದಗಳು ಒಂದೇ ಆದರೂ, ಮಳೆಯ ಅಭಾವವನ್ನು ಬರವೆಂದೂ ಅನ್ನದ ಅಭಾವವನ್ನು ಕ್ಷಾಮವೆಂದೂ ಬೇರ್ಪಡಿಸುವುದು ನಮಗೆ ಉಪಯುಕ್ತ. 1871ರ ಜನಗಣತಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ನೂರಕ್ಕೆ 17ರಷ್ಟು ಕುಸಿತ. ಈ ನಷ್ಟವನ್ನೆಲ್ಲ ಮೋಡಗಳ ತಲೆಗೆ ಕಟ್ಟಲಾದೀತೆ? ಆ ವರ್ಷಗಳಲ್ಲಿಯೂ ಭಾರತದಿಂದ ಧಾನ್ಯದ ರಫ್ತು ನಡೆದೇ ಇತ್ತು. ನೆರೆಯ ಮದರಾಸು ಪ್ರಾಂತದಲ್ಲಿ ರಿಚರ್ಡ್ ಟೆಂಪಲ್ಲರು ಕ್ಷಾಮಕಾಮಗಾರಿಯ ಆಳಿನ ದಿನಗೂಲಿಯನ್ನು 1877ರಲ್ಲಿ ಒಂದು ಪೌಂಡು ಧಾನ್ಯ ಮತ್ತು ಒಂದಾಣೆಗೆ ಇಳಿಸಿದರು. ದುಡಿಯುವ ದೇಹಕ್ಕೆ ಇದು ಸಾಲದೆಂದು ಪ್ರಾಂತದ ಆರೋಗ್ಯಾಧಿಕಾರಿ ಕಾರ್ನಿಷ್ ಪ್ರತಿಭಟಿಸಿದರು. ಬರ ಆಕಾಶದಿಂದ ಬಂದಿತು. ಅದು ಕ್ಷಾಮವಾಗಿ ಬೆಳೆಯುವುದರಲ್ಲಿ ಬೆಲೆ, ಕೂಲಿ, ಆಡಳಿತ ನೀತಿಗಳ ಪಾಲು ಬಹಳ ದೊಡ್ಡದು.

ಇನ್ನು ಏರಿಳಿತಕ್ಕೂ ಪರಿವರ್ತನೆಗೂ ಇರುವ ಭೇದ. ಎಲ್ ನಿನೋ ಬಂದುಹೋಗುವಂಥದು. ಕಡಲು ತನ್ನ ಹಿಂದಿನ ಸ್ಥಿತಿಗೆ ಮರಳಿದುದರಿಂದ ರೈತನ ಅನುಭವಜ್ಞಾನ ಮುಂದೆಯೂ ಬಹುಮಟ್ಟಿಗೆ ಸಲ್ಲುತ್ತಿತ್ತು. ಇಂದಿನ ಪರಿಸ್ಥಿತಿ ಹಾಗಲ್ಲ. ಇಂಗಾಲಾಮ್ಲ ವಾಯು ಹೆಚ್ಚಿದರೆ ಭೂಮಿಯ ಉಷ್ಣತೆ ಏರುವುದೆಂದು ಸ್ವೀಡನ್ನಿನ ಅರ್ಹೇನಿಯಸ್ 1896ರಲ್ಲಿಯೇ ಲೆಕ್ಕ ಹಾಕಿದ್ದರು. ಕೈಗಾರಿಕೆಯ ಯುಗಕ್ಕೆ ಮುನ್ನ ವಾಯುಮಂಡಲದ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಈ ವಾಯು ಈಗ 420ನ್ನು ದಾಟಿದೆ. ಭೂಮಿಯ ಸರಾಸರಿ ಉಷ್ಣತೆ ಒಂದು ಡಿಗ್ರಿಗಿಂತ ಹೆಚ್ಚು ಏರಿದೆ. ಇಲ್ಲಿ ಸರಾಸರಿಯೇ ಸ್ಥಾನಪಲ್ಲಟಗೊಳ್ಳುತ್ತಿದೆ. ಮುಂದೆ ಬರುವ ಎಲ್ ನಿನೋಗಳು ಹಿಂದಿಗಿಂತ ಬಿಸಿಯಾದ ಭೂಮಿಯ ಮೇಲೆಯೇ ಎರಗಬೇಕು.

ಆದಕಾರಣ, ಕೆರೆಕಟ್ಟೆಗಳ ಜೀರ್ಣೋದ್ಧಾರವನ್ನು ಹೇಳುವ ಶಾಸನಗಳನ್ನೂ ಕಂದಾಯದ ವಜಾ ದಾಖಲೆಗಳನ್ನೂ ಇತಿಹಾಸದ ವಿದ್ಯಾರ್ಥಿಗಳು ಈ ದೃಷ್ಟಿಯಿಂದ ಮತ್ತೊಮ್ಮೆ ಪರಿಶೀಲಿಸುವುದು ಅವಶ್ಯ. ಎಲ್ಲೆಲ್ಲಿ ಬರ ಬಂದಿತೆಂಬುದರೊಡನೆ, ಎಲ್ಲೆಲ್ಲಿ ಬರ ಬಂದೂ ಕ್ಷಾಮ ಬರಲಿಲ್ಲ ಎಂಬುದನ್ನೂ ಅವು ನಮಗೆ ತಿಳಿಸಬಲ್ಲವು. ಮುಂದಿನ ಪೀಳಿಗೆಗೆ ಇವೆರಡರಲ್ಲಿ ಎರಡನೆಯದೇ ಹೆಚ್ಚು ಬೇಕಾದ ತಿಳಿವಳಿಕೆಯೆಂದು ನಾವು ಭಾವಿಸುತ್ತೇವೆ.