ಗಂಗೆಯ ಮಣ್ಣನ್ನು ತೂಗಿದ ಪಾದ್ರಿ

ಉಕ್ಕಿ ಹರಿಯುವ ಗಂಗೆಯಿಂದ ಒಂದು ಲೋಟ ನೀರು ಮೊಗೆದಿಟ್ಟರೆ ಅದರಲ್ಲಿ ನಾಲ್ಕನೇ ಒಂದು ಪಾಲು ಕೆಸರೇ ಸಿಗುತ್ತದೆ ಎಂದು 1781ರಲ್ಲಿ ಬರೆದವರು ಮೇಜರ್ ಜೇಮ್ಸ್ ರೆನೆಲ್. ಬಂಗಾಳವನ್ನು ಅಳೆದು ಭೂಪಟ ಮಾಡಿದ ಸರ್ವೇಯರ್ ಅವರು. ಆದರೆ ತಳದಲ್ಲಿ ಕೂತ ಹಸಿ ಕೆಸರನ್ನು ಕಣ್ಣಳತೆಯಲ್ಲಿ ನೋಡಿದರೆ ಮೋಸ ಹೋಗುವುದು ಸುಲಭ. ಅದರೊಳಗೆ ನೀರೂ ಸೇರಿರುತ್ತದೆ.

ಅರ್ಧ ಶತಮಾನದ ನಂತರ, 1831-32ರಲ್ಲಿ, ಕಾಶಿಯ ಕೆಳಗಿನ ಘಾಜೀಪುರದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿ ರಾಬರ್ಟ್ ಎವರೆಸ್ಟ್ ಅದನ್ನು ತೂಕಕ್ಕಿಟ್ಟರು. ಗುಲಾಬಿ ನೀರಿಗೂ ಅಫೀಮಿಗೂ ಹೆಸರಾದ ಊರು ಅದು. ಮಳೆಗಾಲದ ನೀರಿನಲ್ಲಿ ಅವರಿಗೆ ಸಿಕ್ಕ ಮಣ್ಣು ತೂಕದಲ್ಲಿ 428ರಲ್ಲಿ ಒಂದು ಪಾಲು. ಗಾತ್ರದಲ್ಲಿ ಅದರ ಅರ್ಧ. ರೆನೆಲ್ ಹೇಳಿದ್ದೆಲ್ಲಿ, ಇದೆಲ್ಲಿ!

ಎವರೆಸ್ಟ್ ಅಷ್ಟಕ್ಕೇ ನಿಲ್ಲಿಸಿದ್ದರೆ ಹಳೆಯದೊಂದು ತಪ್ಪು ತಿದ್ದಿದಂತಾಗುತ್ತಿತ್ತು, ಅಷ್ಟೆ. ಅವರು ಹೊಳೆಯ ಹರಿವನ್ನೂ ಲೆಕ್ಕ ಹಾಕಿದರು. ಮಳೆಗಾಲದಲ್ಲಿ ಸೆಕೆಂಡಿಗೆ ಸುಮಾರು 4.94 ಲಕ್ಷ ಘನ ಅಡಿ ನೀರು. ಹಾಗಾದರೆ ಸೆಕೆಂಡಿಗೆ 577 ಘನ ಅಡಿ ಮಣ್ಣು. ಮಳೆಯ 122 ದಿನಗಳಿಗೆ 608 ಕೋಟಿ ಘನ ಅಡಿ. ಚಳಿಗಾಲದ ಐದು ತಿಂಗಳಲ್ಲಿ 25 ಕೋಟಿಯೂ ಇಲ್ಲ, ಬೇಸಿಗೆಯ ಮೂರು ತಿಂಗಳಲ್ಲಿ ನಾಲ್ಕು ಕೋಟಿಯೂ ಇಲ್ಲ. ವರ್ಷಕ್ಕೆ ಒಟ್ಟು 636 ಕೋಟಿ ಚಿಲ್ಲರೆ. ಅಣೆಕಟ್ಟಿನ ಸುದ್ದಿ ಓದುವ ನಮ್ಮ ಲೆಕ್ಕದಲ್ಲಿ ಆರು ಟಿಎಂಸಿಗೂ ಮೇಲೆ, ಅದೂ ಬರೀ ಮಣ್ಣು.

ನನಗೆ ಈ ಒಟ್ಟು ಮೊತ್ತಕ್ಕಿಂತ ಋತುಗಳ ಪಾಲೇ ದೊಡ್ಡ ಶೋಧ ಅನಿಸುತ್ತದೆ. ವರ್ಷದ ಮಣ್ಣಿನಲ್ಲಿ ಶೇ. 95ರಷ್ಟು ನಾಲ್ಕೇ ತಿಂಗಳಲ್ಲಿ ಸಾಗಿಹೋಗುತ್ತದೆ. ಮಳೆ ಹೊಡೆದಾಗ ಗುಡ್ಡದ ಇಳಿಜಾರು, ಹೊಲ, ದಂಡೆಗಳ ಮಣ್ಣು ಹೊಳೆಗೆ ಬಂದು ಬೀಳುತ್ತದೆ. ಪ್ರವಾಹದ ಸುಳಿಗಳು ನುಣ್ಣನೆಯ ಜೇಡಿಯನ್ನು ತಳಕ್ಕೆ ಕೂರಲು ಬಿಡುವುದಿಲ್ಲ. ವೇಗ ಇಳಿದಲ್ಲಿ ಮೊದಲು ಮರಳು ಕೂರುತ್ತದೆ, ಆಮೇಲೆ ರೇವೆ, ಕೊನೆಗೆ ಜೇಡಿ.

1832ರಲ್ಲಿ ಈ ಲೆಕ್ಕ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಹೊಳೆ, ಮಳೆ, ಅಲೆಗಳ ದಿನನಿತ್ಯದ ಕೆಲಸವೇ ಭೂಮಿಯ ರೂಪ ಬದಲಿಸುತ್ತದೆ ಎಂದು ವಾದಿಸುತ್ತಿದ್ದ ಭೂವಿಜ್ಞಾನಿ ಚಾರ್ಲ್ಸ್ ಲಯೆಲ್‌ಗೆ ಬೇಕಾಗಿದ್ದೂ ಇಂಥದ್ದೇ. ತಮ್ಮ ‘ಪ್ರಿನ್ಸಿಪಲ್ಸ್ ಆಫ್ ಜಿಯಾಲಜಿ’ಯ ಮುಂದಿನ ಆವೃತ್ತಿಗಳಿಗೆ ಅವರು ಅದನ್ನು ಸೇರಿಸಿಕೊಂಡು, ಹಡಗುಗಳ ಲೆಕ್ಕಕ್ಕೆ ಇಳಿಸಿದರು: ತಲಾ 1,400 ಟನ್ ಕೆಸರು ಹೊತ್ತ 80ಕ್ಕೂ ಹೆಚ್ಚು ಹಡಗುಗಳು ನಾಲ್ಕು ತಿಂಗಳು ಹಗಲೂ ರಾತ್ರಿ ಗಂಟೆಗಂಟೆಗೂ ಸಾಗಬೇಕು. 428ರಲ್ಲಿ ಒಂದೇ ಪಾಲು ಮಾಡುವ ಕೆಲಸ ಇದು.

ಇದು ಇಡೀ ಗಂಗೆಯ ಲೆಕ್ಕವೂ ಅಲ್ಲ. ಘಾಘ್ರಾ, ಸೋನ್, ಗಂಡಕ್, ಕೋಸಿ ಸೇರುವುದು ಘಾಜೀಪುರದ ಕೆಳಗೆ. ಕರಗಿದ ಸುಣ್ಣದಂಥ ಖನಿಜಗಳು ತೇಲುವ ಮಣ್ಣಿನ ಲೆಕ್ಕಕ್ಕೆ ಬರುವುದಿಲ್ಲ. ತಳದಲ್ಲಿ ಉರುಳುತ್ತಾ ಹೋಗುವ ಮರಳಂತೂ ಮೊಗೆದ ನೀರಿಗೆ ಸಿಗುವುದೇ ಇಲ್ಲ. ಅದನ್ನು ದೊಡ್ಡ ಹೊಳೆಗಳಲ್ಲಿ ಅಳೆಯುವುದು ಇವತ್ತಿಗೂ ಕಷ್ಟ. ಎಷ್ಟೋ ಕಡೆ ಎಂಜಿನಿಯರುಗಳು ತೇಲುವ ಮಣ್ಣಿನ ಮೇಲೆ ಶೇಕಡಾ ಇಷ್ಟು ಎಂದು ಸೇರಿಸಿ ಮುಂದೆ ಹೋಗುತ್ತಾರೆ.