ಮರಳಿ ಬಂದ ಯೋಧರ ಹೆಸರು ಎಲ್ಲಿದೆ?

ಕಾಪುವಿನಲ್ಲಿದ್ದ ನನ್ನ ಸೋದರಮಾವನ ಹಳೆಯ ಮನೆಯನ್ನು ಕಳೆದ ಬೇಸಿಗೆಯಲ್ಲಿ ಕೆಡವಬೇಕಾಯಿತು. ಅಟ್ಟದಿಂದ ಇಳಿಸಿದ ಸಾಮಾನುಗಳಲ್ಲಿ ಕಪ್ಪು ಬಣ್ಣದ ಕಬ್ಬಿಣದ ಟ್ರಂಕೂ ಒಂದಿತ್ತು. ಮುಚ್ಚಳದ ಮೇಲೆ ಬಿಳಿ ಅಕ್ಷರಗಳಲ್ಲಿ ಬರೆದಿದ್ದ ಸೇನಾ ಸಂಖ್ಯೆ ಅರ್ಧ ಅಳಿಸಿಹೋಗಿತ್ತು. ಗುಜರಿಯವನು ಅಂಗಳದಲ್ಲಿ ತಕ್ಕಡಿ ಹಿಡಿದು ನಿಂತಿದ್ದ. ಇದನ್ನೂ ಹಾಕಿಬಿಡುವುದೇ ಎಂದು ಮಾವನ ಮಗ ಕೇಳಿದ. ಒಮ್ಮೆ ತೆರೆದು ನೋಡೋಣವೆಂದೆ.

ಒಳಗೆ ನುಸಿ ತಿಂದ ಕಂಬಳಿ, ಹಳದಿಗಟ್ಟಿದ ಡಿಸ್ಚಾರ್ಜ್ ಬುಕ್ಕು ಮತ್ತು ಕರವಸ್ತ್ರದಲ್ಲಿ ಕಟ್ಟಿಟ್ಟ ಕೆಲವು ಪದಕಗಳಿದ್ದವು. 1965ರ ರಕ್ಷಾ ಪದಕ, 1971ರ ಪಶ್ಚಿಮಿ ಸ್ಟಾರ್, ಸಂಗ್ರಾಮ ಪದಕ. ಮಾವ ಬದುಕಿದ್ದಾಗ ಇವುಗಳನ್ನು ಎದೆಗೆ ಸಿಕ್ಕಿಸಿಕೊಂಡದ್ದನ್ನು ನಾನು ನೋಡಿರಲಿಲ್ಲ. ಅವರು ತೀರಿಕೊಂಡದ್ದು ಮೂರು ವರ್ಷಗಳ ಹಿಂದಿನ ಆಟಿ ತಿಂಗಳಿನಲ್ಲಿ, ಸುರಿಯುವ ಮಳೆಯ ನಡುವೆ. ಬಿಗಿಲು ಮೊಳಗಲಿಲ್ಲ. ಸುತ್ತಲಿನ ಊರುಗಳ ಮೂವರು ಮಾಜಿ ಸೈನಿಕರು ಬಂದು ಸೆಟೆದು ನಿಂತು ಸೆಲ್ಯೂಟ್ ಹೊಡೆದು ಹೋದರು. ಮರುದಿನದ ಪತ್ರಿಕೆಯ ನಿಧನ ವಾರ್ತೆಯಲ್ಲಿ ಅವರು ‘ಬ್ಯಾಂಕಿನ ನಿವೃತ್ತ ಉದ್ಯೋಗಿ’ಯಾಗಿದ್ದರು. ಅದು ಸುಳ್ಳಲ್ಲ. ಸೇನೆಯಿಂದ ಬಂದ ಮೇಲೆ ಮಣಿಪಾಲದ ಬ್ಯಾಂಕೊಂದರ ಬಾಗಿಲಲ್ಲಿ ಅವರು ಹಲವು ವರ್ಷ ಕಾವಲು ಕಾದಿದ್ದರು. ಅದಕ್ಕೂ ಹಿಂದಿನ ಹದಿನೆಂಟು ವರ್ಷ ಯಾರಿಗೂ ನೆನಪಾಗಲಿಲ್ಲ, ವಾರ್ತೆಯನ್ನು ಬರೆದುಕೊಟ್ಟ ನನಗೂ ಸಹ.

ಉಡುಪಿ ಎಂದರೆ ಶ್ರೀಕೃಷ್ಣ ಮಠ, ಹೋಟೆಲು, ಬ್ಯಾಂಕು, ಮುಂಬಯಿ ಮತ್ತು ಕೊಲ್ಲಿ ರಾಷ್ಟ್ರಗಳಿಗೆ ಹೋದ ಮಕ್ಕಳು ಎಂಬ ಚಿತ್ರವೇ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿದೆ. ಸೈನಿಕರೆಂದರೆ ಕೊಡಗಿನವರು ಎಂದು ನಾವೇ ತೀರ್ಮಾನಿಸಿಬಿಟ್ಟಿದ್ದೇವೆ. ಆದರೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿನ ಆಡಳಿತದಲ್ಲಿತ್ತು. ಇಲ್ಲಿಂದ ಸೇನೆಗೆ ಹೋದ ಹುಡುಗರಿಗೆ ಮದ್ರಾಸಿನ ಹೆಸರು ಹೊತ್ತ ಪಡೆಗಳೇ ಸಹಜ ನೆಲೆಯಾದವು. 1963ರಲ್ಲಿ, ಚೀನಾ ಯುದ್ಧದ ಮರುವರ್ಷ, ಸೇನೆ ತನ್ನ ಬಲವನ್ನು ಹೆಚ್ಚಿಸಿಕೊಳ್ಳುತ್ತಿದ್ದಾಗ ಮಾವ ಸೇರಿದ್ದು ಮದ್ರಾಸ್ ಎಂಜಿನಿಯರ್ ಗ್ರೂಪನ್ನು. 1780ರಲ್ಲಿ ಹುಟ್ಟಿದ, ಬೆಂಗಳೂರಿನ ಹಲಸೂರಿನಲ್ಲಿ ಕೇಂದ್ರವಿರುವ ಈ ಪಡೆ ‘ಮದ್ರಾಸ್ ಸ್ಯಾಪರ್ಸ್’ ಎಂದೇ ಪ್ರಸಿದ್ಧ. ಅಲ್ಲಿನ ಸೈನಿಕರನ್ನು ಪ್ರೀತಿಯಿಂದ ಕರೆಯುವುದು ‘ತಂಬಿ’ ಎಂದು. ಮನೆಯಲ್ಲಿ ತುಳುವನ್ನೂ ಶಾಲೆಯಲ್ಲಿ ಕನ್ನಡವನ್ನೂ ಕಲಿತಿದ್ದ ಕಾಪುವಿನ ಹುಡುಗ ಅಲ್ಲಿ ತಂಬಿಯಾದ.

ಸ್ಯಾಪರ್‌ಗಳ ಕೆಲಸವೆಂದರೆ ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ಶತ್ರು ಹುಗಿದಿಟ್ಟ ನೆಲಬಾಂಬುಗಳನ್ನು ತೆಗೆಯುವುದು. ಸೈನ್ಯ ಮುನ್ನುಗ್ಗುವ ಮೊದಲು ಅವರು ಹೋಗಬೇಕು. 1971ರ ಡಿಸೆಂಬರ್ 16 ಎಂದರೆ ನಮಗೆ ಢಾಕಾದ ಶರಣಾಗತಿ. ಅದೇ ದಿನ ಪಶ್ಚಿಮದ ಶಕರಗಢ ವಲಯದ ಬಸಂತರ್ ನದಿಯ ಬಳಿ ಘೋರ ಟ್ಯಾಂಕ್ ಕಾಳಗ ನಡೆಯಿತು. ಇಪ್ಪತ್ತೊಂದು ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಉರಿಯುವ ಟ್ಯಾಂಕನ್ನು ಬಿಟ್ಟು ಇಳಿಯದೆ ಹೋರಾಡಿ ಮಡಿದದ್ದು, ಮರಣೋತ್ತರವಾಗಿ ಪರಮವೀರ ಚಕ್ರ ಪಡೆದದ್ದು ಅಲ್ಲಿಯೇ. ಆದರೆ ಆ ಟ್ಯಾಂಕುಗಳು ನದಿ ದಾಟಿದ್ದು ಹೇಗೆ? ಹಿಂದಿನ ರಾತ್ರಿ ಗುಂಡಿನ ಸುರಿಮಳೆಯ ನಡುವೆ ಎಂಜಿನಿಯರ್ ಪಡೆಯವರು ನೆಲಬಾಂಬುಗಳ ನಡುವೆ ದಾರಿ ತೆರೆಯತೊಡಗಿದ್ದರು. ಕೆಲಸ ಅರ್ಧವಾಗುವಷ್ಟರಲ್ಲಿ ಆಚೆ ದಡದಲ್ಲಿ ಶತ್ರು ಟ್ಯಾಂಕುಗಳ ಸದ್ದು ಕೇಳಿ, ಉಳಿದರ್ಧವನ್ನು ನಮ್ಮ ಟ್ಯಾಂಕುಗಳು ಹಾಗೆಯೇ ನುಗ್ಗಿ ದಾಟಿದವು. 9ನೇ ಎಂಜಿನಿಯರ್ ರೆಜಿಮೆಂಟಿನ ಮೇಜರ್ ವಿಜಯ್ ರತನ್ ಚೌಧರಿ ಆ ಯುದ್ಧದಲ್ಲಿ ಮಡಿದು ಮರಣೋತ್ತರ ಮಹಾವೀರ ಚಕ್ರಕ್ಕೆ ಪಾತ್ರರಾದರು.

ಮಾವ ಆ ಚಳಿಗಾಲದಲ್ಲಿ ಅದೇ ವಲಯದಲ್ಲಿದ್ದರೆಂಬುದು ನನಗೆ ತಿಳಿದದ್ದು ಡಿಸ್ಚಾರ್ಜ್ ಬುಕ್ಕಿನಿಂದ. ಅವರು ಸ್ವತಃ ಹೇಳಿದ್ದು ಒಂದೇ ಸಲ, ಒಂದೇ ಮಾತು: ‘ನಾವು ದಾರಿ ಮಾಡಿಕೊಟ್ಟೆವು, ಅಷ್ಟೇ.’ ಹೊಟ್ಟೆಯ ಮೇಲೆ ತೆವಳುತ್ತ ನೆಲವನ್ನು ಇಂಚಿಂಚಾಗಿ ಚುಚ್ಚಿ ನೋಡುವ ಆ ಕೆಲಸ ಎಂಥದ್ದೆಂದು ಕೇಳುವಷ್ಟು ವ್ಯವಧಾನ ಅಂದು ನನಗಿರಲಿಲ್ಲ. ಕೇಳಬೇಕೆನಿಸಿದಾಗ ಅವರಿರಲಿಲ್ಲ.

ಮಡಿದವರನ್ನು ನಮ್ಮ ದೇಶ ಮರೆತಿದೆ ಎನ್ನಲಾಗದು. ದೆಹಲಿಯ ಇಂಡಿಯಾ ಗೇಟಿನ ಮೇಲೆ 13 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಸಮರ ಸ್ಮಾರಕದಲ್ಲಿ ಸ್ವಾತಂತ್ರ್ಯಾನಂತರ ಪ್ರಾಣ ತೆತ್ತ ಸುಮಾರು 26 ಸಾವಿರ ಯೋಧರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಲಾಗಿದೆ. ನಮ್ಮ ಉಡುಪಿಯ ಅಜ್ಜರಕಾಡಿನಲ್ಲಿಯೂ ಹುತಾತ್ಮ ಸೈನಿಕರ ಸ್ಮಾರಕವಿದೆ. ಜುಲೈ 26ರ ಕಾರ್ಗಿಲ್ ವಿಜಯ ದಿನದಂದು ಅಲ್ಲಿ ಹೂವಿನ ಗೌರವ ಸಲ್ಲುತ್ತದೆ. 2024ರ ಡಿಸೆಂಬರಿನಲ್ಲಿ ಪೂಂಛ್‌ನಲ್ಲಿ ಸೇನಾ ವಾಹನ ಕಂದಕಕ್ಕೆ ಉರುಳಿ ಮಡಿದವರಲ್ಲಿ ಕುಂದಾಪುರ ಬಳಿಯ ಬೀಜಾಡಿಯ ಯೋಧರೊಬ್ಬರಿದ್ದರು. ಅವರಿಗೆ ಸಕಲ ಸರ್ಕಾರಿ ಗೌರವದ ವಿದಾಯ ದೊರಕಿತು. ಅದು ಸಲ್ಲಲೇಬೇಕಾದದ್ದು.

ಪ್ರಶ್ನೆ ಇರುವುದು ಬದುಕಿ ಮರಳಿದವರ ಬಗ್ಗೆ. ಅದೇ ಕಂದಕದಲ್ಲಿ ಮಲಗಿ, ಅದೇ ಗುಂಡಿಗೆ ಎದೆಯೊಡ್ಡಿ, ಕೇವಲ ಅದೃಷ್ಟದಿಂದ ಉಳಿದು ಬಂದವರು ಐವತ್ತು ವರ್ಷಗಳ ಬಳಿಕ ಹಾಸಿಗೆಯಲ್ಲಿ ಸತ್ತರೆ ಅವರ ಹೆಸರು ಯಾವ ಕಲ್ಲಿನ ಮೇಲೂ ಬರುವುದಿಲ್ಲ. 1965 ಮತ್ತು 1971ರ ಯುದ್ಧಗಳಲ್ಲಿ ಭಾಗವಹಿಸಿದ ಪೀಳಿಗೆ ಈಗ ನಮ್ಮ ಕಣ್ಣೆದುರೇ ಮುಗಿಯುತ್ತಿದೆ. ಅದಕ್ಕೂ ಹಿಂದೆ ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದವರಂತೂ ಬಹುತೇಕ ಮುಗಿದೇಹೋದರು. ಸುಮಾರು 25 ಲಕ್ಷದಷ್ಟಿದ್ದ ಆ ಭಾರತೀಯ ಸೇನೆಯಲ್ಲಿ ನಮ್ಮ ಯಾವ ಊರಿನ ಎಷ್ಟು ಮಂದಿಯಿದ್ದರೆಂದು ಹೇಳಬಲ್ಲ ಹಿರಿಯರು ಈಗ ಎಲ್ಲಿದ್ದಾರೆ?

ಸೇನೆಯ ಕಡತಗಳಲ್ಲಿ ಎಲ್ಲವೂ ಇದ್ದೇ ಇರುತ್ತದೆಂಬ ನಂಬಿಕೆಯೂ ಸರಿಯಲ್ಲ. ಸಾಮಾನ್ಯ ಸೈನಿಕನಿಗೆ ನಿವೃತ್ತಿ ವೇತನ ಸಿಗಲು ಹದಿನೈದು ವರ್ಷಗಳ ಸೇವೆಯಾಗಬೇಕು. ಪಿಂಚಣಿಯಿಲ್ಲದೆ ಬಿಡುಗಡೆಯಾದವರ ದಾಖಲೆಗಳನ್ನು ನಿಗದಿತ ಅವಧಿಯ ನಂತರ ನಾಶಪಡಿಸುವ ನಿಯಮವೇ ಇದೆ. ಅಂಥವರ ಮಟ್ಟಿಗೆ ಮನೆಯ ಟ್ರಂಕಿನಲ್ಲಿರುವ ಆ ಪುಟ್ಟ ಪುಸ್ತಕವೇ ಕೊನೆಯ ಸಾಕ್ಷ್ಯ. ಇದು ಕೇವಲ ಭಾವನೆಯ ವಿಷಯವೂ ಅಲ್ಲ. ಮಾವ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದಾಗ ಅತ್ತೆಯ ಹೆಸರು ಸೇನಾ ದಾಖಲೆಯಲ್ಲಿ ಒಂದು ಬಗೆ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಬಗೆಯಾಗಿತ್ತು. ನಮ್ಮ ಕರಾವಳಿಯ ಹೆಸರನ್ನು ಎಲ್ಲಿಯದೋ ಗುಮಾಸ್ತನೊಬ್ಬ ತನಗೆ ಕೇಳಿಸಿದಂತೆ ಬರೆದುಕೊಂಡಿದ್ದ. ನಲವತ್ತೈದು ವರ್ಷ ಸಂಸಾರ ಮಾಡಿದ ಹೆಂಗಸು ತಾನು ಆ ಸೈನಿಕನ ಹೆಂಡತಿಯೆಂದು ಸಾಬೀತುಪಡಿಸಲು ತಿಂಗಳುಗಟ್ಟಲೆ ಅಲೆಯಬೇಕಾಯಿತು.

ಮರೆವು ಈ ನೆಲದ ಗುಣವಲ್ಲವೆಂಬುದೇ ನನಗೆ ಹೆಚ್ಚು ಬಾಧಿಸುವ ಸಂಗತಿ. ಉಡುಪಿಯಿಂದ ಕಾಪುವಿಗೆ ಹೋಗುವ ದಾರಿಯಲ್ಲಿ ಉದ್ಯಾವರ ಸಿಗುತ್ತದೆ. ಅದು ಆಳುಪರ ರಾಜಧಾನಿ, ಅಂದಿನ ಉದಯಪುರ. ಅಲ್ಲಿ ದೊರೆತ ಸುಮಾರು ಸಾವಿರದ ಇನ್ನೂರು ವರ್ಷಗಳಷ್ಟು ಹಳೆಯ ಕನ್ನಡ ಶಾಸನಗಳಲ್ಲಿ ಹಲವು ವೀರಗಲ್ಲುಗಳೇ. ಸಿಂಹಾಸನಕ್ಕಾಗಿ ಅರಸುಮನೆತನದೊಳಗೇ ನಡೆದ ಕಲಹದಲ್ಲಿ ಹೋರಾಡಿ ಸತ್ತ ಸಾಮಾನ್ಯ ಭಟರ ಹೆಸರುಗಳನ್ನು ಅವು ಅರಸರ ಹೆಸರಿನ ಜೊತೆಜೊತೆಗೇ ಹೇಳುತ್ತವೆ. ಎಣ್ಮೂರಿನಲ್ಲಿ ಮಡಿದ ಕೋಟಿ ಚೆನ್ನಯರಿಗೆ ಉಡುಪಿ, ಕಾಪು, ಕಾರ್ಕಳದ ಊರೂರುಗಳಲ್ಲಿ ಗರಡಿಗಳಿವೆ, ನೇಮ ನಡೆಯುತ್ತದೆ, ಪಾಡ್ದನಗಳಲ್ಲಿ ಅವರ ಕಥೆ ಇಂದಿಗೂ ಉಳಿದಿದೆ. ಓದುಬರಹ ಅಪರೂಪವಾಗಿದ್ದ ಕಾಲದಲ್ಲಿ ಭಟನೊಬ್ಬನ ಹೆಸರನ್ನು ಉಳಿಸಿದ ಸೀಮೆ, ಮನೆಮನೆಯಲ್ಲಿ ಪದವೀಧರರಿರುವ ಇಂದು ಅದನ್ನು ಗುಜರಿಗೆ ಹಾಕುತ್ತಿದೆ.

ಹಾಗೆಂದು ಮರಳಿ ಬಂದ ಎಲ್ಲರಿಗೂ ವೀರಗಲ್ಲು ನೆಡಬೇಕೆಂದಾಗಲೀ ವೃತ್ತಗಳಿಗೆ ಅವರ ಹೆಸರಿಡಬೇಕೆಂದಾಗಲೀ ನಾನು ಹೇಳುತ್ತಿಲ್ಲ. ಅವರಲ್ಲಿ ಅನೇಕರು ಸೇನೆಗೆ ಹೋದದ್ದು ಬಡತನದಿಂದ, ಮೂರು ಹೊತ್ತಿನ ಊಟಕ್ಕಾಗಿ. ಎಲ್ಲರೂ ಪರಾಕ್ರಮಿಗಳೂ ಆಗಿರಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಅಡುಗೆ ಮಾಡಿದವರು, ಲಾರಿ ಓಡಿಸಿದವರು, ತಂತಿ ಎಳೆದವರು ಅವರಲ್ಲಿದ್ದಾರೆ. ಅವರಿಗೆ ಆರಾಧನೆ ಬೇಡ, ದಾಖಲೆ ಬೇಕು.

ಅದು ಕಷ್ಟದ ಕೆಲಸವೂ ಅಲ್ಲ. ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಒಂದು ದಪ್ಪ ರಿಜಿಸ್ಟರ್ ಇರಲಿ. ಊರಿನ ಪ್ರೌಢಶಾಲೆಯ ಮಕ್ಕಳು ಮನೆಮನೆಗೆ ಹೋಗಿ, ಸೇನೆಯಲ್ಲಿದ್ದು ತೀರಿಕೊಂಡವರ ಹೆಸರು, ಪಡೆ, ಸೇವೆಯ ವರ್ಷಗಳು, ಇದ್ದ ಸ್ಥಳಗಳು, ಮರಳಿದ ಮೇಲೆ ಮಾಡಿದ ಕೆಲಸ ಇಷ್ಟನ್ನು ಬರೆದುಕೊಳ್ಳಲಿ. ಡಿಸ್ಚಾರ್ಜ್ ಬುಕ್ಕಿನ ಪುಟಗಳ ಛಾಯಾಚಿತ್ರ ತೆಗೆಯಲಿ. ಅವರ ಹೆಂಡತಿಯರನ್ನೂ ಮಾತನಾಡಿಸಲಿ. ವರ್ಷಕ್ಕೊಮ್ಮೆ ರಜೆಯಲ್ಲಿ ಬರುವ ಗಂಡನ ದಾರಿ ಕಾಯುತ್ತ ಗದ್ದೆ, ಮಕ್ಕಳು, ಅತ್ತೆಮಾವಂದಿರನ್ನು ನೋಡಿಕೊಂಡ ಅವರದೂ ಒಂದು ಸೇವೆಯೇ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ಊರೂರುಗಳಿಂದ ತುಳು ಪದಗಳನ್ನು ಕಲೆಹಾಕಿ ಆರು ಸಂಪುಟಗಳ ನಿಘಂಟನ್ನು ಹೊರತಂದಿತು. ಒಂದೊಂದು ಪದಕ್ಕಾಗಿ ಅಷ್ಟು ಶ್ರಮಪಟ್ಟ ಊರಿಗೆ ಒಂದೊಂದು ಬದುಕಿಗಾಗಿ ಒಂದೊಂದು ಪುಟ ಬರೆಯುವುದು ಅಸಾಧ್ಯವೇ?

ಟ್ರಂಕು ಗುಜರಿಗೆ ಹೋಗಲಿಲ್ಲ. ಹೊಸ ಮನೆಯ ಚಾವಡಿಯಲ್ಲಿ ಅದಕ್ಕೆ ಜಾಗ ಸಿಕ್ಕಿದೆ. ಅಂದು ಪದಕಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದ ಮಾವನ ಮೊಮ್ಮಗಳು ಒಂದರ ಅಂಚನ್ನು ಬೆಳಕಿಗೆ ಹಿಡಿದು, ‘ಇಲ್ಲೇನೋ ಬರೆದಿದೆ’ ಎಂದಳು. ಭೂತಗನ್ನಡಿ ಇಟ್ಟು ನೋಡಿದೆವು. ಅಂಚಿನ ಸುತ್ತ ಸಾಸಿವೆಯಷ್ಟು ಸಣ್ಣ ಅಕ್ಷರಗಳಲ್ಲಿ ಸಂಖ್ಯೆ, ಹುದ್ದೆ, ಹೆಸರು, ಪಡೆ ಎಲ್ಲವೂ ಇದ್ದವು. ಅವಳು ಅದನ್ನು ಅಕ್ಷರ ಅಕ್ಷರವಾಗಿ ಓದಿ ತನ್ನ ಶಾಲೆಯ ನೋಟುಪುಸ್ತಕದಲ್ಲಿ ಬರೆದುಕೊಂಡಳು. ಬರೆದು ಮುಗಿಸಿ, ‘ಅಜ್ಜ ಅಲ್ಲಿ ಏನು ಮಾಡುತ್ತಿದ್ದರು?’ ಎಂದು ಕೇಳಿದಳು. ನನಗೆ ಗೊತ್ತಿದ್ದಷ್ಟನ್ನು ಹೇಳಿದೆ. ಅದು ಅವಳ ಪುಸ್ತಕದ ಅರ್ಧ ಪುಟವನ್ನೂ ತುಂಬಲಿಲ್ಲ.